ಅಟ್ಟ ಹತ್ತಿ ನೋಡಿ ಮಾತಾಡು

ಮಗಳೇ,

ಮನೆ ಪ್ರಾರ್ಥನೆಗಳಲ್ಲಿ ವಾಕ್ಯ ಹೇಳುವ ಹೊಣೆಯನ್ನು ಸಭೆಯವರು ನಿನಗೆ ವಹಿಸಿದ್ದು ಕೇಳಿ ನನಗಾದ ಸಂತೋಷ ಇಷ್ಟಿಷ್ಟಲ್ಲ. ದಬ್ಬೇಘಟ್ಟದ ಆಸುಪಾಸಿನಲ್ಲಿ ನಮ್ಮವರ ಮನೆಗಳಿರುವುದು ಅಲ್ಲೊಂದು ಇಲ್ಲೊಂದು. ನಡುಮನೆಯಲ್ಲಿ ಚಾಪೆ ಹಾಸಿ ಹಾಡು ಶುರುಮಾಡಿದರೆ ಪಕ್ಕದ ಮನೆಯವರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವವರ ಕಿವಿಗೂ ಮಾತು ಬೀಳುತ್ತದೆ. ಅವರೆಲ್ಲರೂ ನಿನ್ನ ಸಭೆಯೇ ಎಂದು ತಿಳಿದುಕೋ.

ನೀನು ಬರೆದಿಟ್ಟುಕೊಂಡ ಉದಾಹರಣೆಗಳ ಪುಸ್ತಕ ತಿರುವಿ ನೋಡಿದೆ. ಹಿಮದಲ್ಲಿ ದಾರಿ ತಪ್ಪಿದ ಪ್ರಯಾಣಿಕ, ಸಮುದ್ರದ ದೀಪಸ್ತಂಭ, ಗರಿ ಕಳಚಿಕೊಂಡು ಮತ್ತೆ ಹರೆಯಕ್ಕೆ ಬರುವ ಹದ್ದು. ಶ್ರದ್ಧೆಯಿಂದ, ಅಂದವಾದ ಅಕ್ಷರದಲ್ಲಿ ಬರೆದಿದ್ದೀಯೆ. ಆದರೆ ಆ ಹದ್ದಿನ ಕಥೆ ನಿಜವಲ್ಲ ಮಗಳೇ, ಯಾವ ಹದ್ದೂ ಹಾಗೆ ಮಾಡುವುದಿಲ್ಲ. ಸತ್ಯವನ್ನು ಸಾರಲು ಹೊರಟವರ ಬಾಯಲ್ಲಿ ಸುಳ್ಳು ಕಥೆ ಇರಬಾರದು, ಅದೆಷ್ಟೇ ಚೆನ್ನಾಗಿದ್ದರೂ. ಇನ್ನು ದೀಪಸ್ತಂಭವನ್ನು ನಮ್ಮ ಸೀಮೆಯಲ್ಲಿ ಎಷ್ಟು ಜನ ಕಂಡಿದ್ದಾರೆ?

ನಮ್ಮ ಸ್ವಾಮಿ ಹೇಗೆ ಮಾತಾಡಿದರು, ನೋಡು. ಬಲೆ, ಹುಳಿಹಿಟ್ಟು, ದೀಪ, ಸಾಸಿವೆ, ಕಳೆದುಹೋದ ಒಂದು ನಾಣ್ಯ. ಕೇಳುವವರು ಬೆಳಗ್ಗೆ ಮುಟ್ಟಿ ಬಂದಿದ್ದ ವಸ್ತುಗಳೇ ಎಲ್ಲವೂ. ಬಿತ್ತುವವನ ಸಾಮ್ಯವನ್ನೇ ತೆಗೆದುಕೋ. ಬೀಜ ದಾರಿಯ ಮೇಲೆ, ಕಲ್ಲುನೆಲದ ಮೇಲೆ, ಮುಳ್ಳಿನ ನಡುವೆ ಬಿತ್ತು ಎಂದಾಗ ಆ ಕಾಲದ ರೈತನಿಗೆ ವಿಚಿತ್ರವೆನಿಸಲಿಲ್ಲ, ಏಕೆಂದರೆ ಅವನು ಕೈಯಿಂದ ಎರಚಿ ಬಿತ್ತುತ್ತಿದ್ದ. ಕೂರಿಗೆಯಲ್ಲಿ ಸಾಲು ಹಿಡಿದು ರಾಗಿ ಬಿತ್ತುವ ನಮ್ಮೂರ ಹುಡುಗ ಮಾತ್ರ, ಅಷ್ಟೊಂದು ಬೀಜ ದಾರಿಗೆ ಚೆಲ್ಲಿದನಲ್ಲ, ಅವನೆಂಥ ರೈತ ಎಂದು ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳಬೇಡ. ಅಷ್ಟು ಧಾರಾಳವಾಗಿ, ನೆಲ ಎಣಿಸದೆ ಬಿತ್ತುವವನೇ ನಮ್ಮ ದೇವರು ಎಂದು ಹೇಳಲು ಆ ಹುಡುಗನೇ ನಿನಗೆ ದಾರಿ ಮಾಡಿಕೊಟ್ಟಂತಾಯಿತು.

ಹಾಗಿದ್ದರೆ ನಮ್ಮ ಕೈಗೆ ದಿನಾ ತಾಗುವುದು ಯಾವುದು? ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಮದುವೆ, ಸಾಲ, ಓದು, ಆಸ್ಪತ್ರೆ ಎಲ್ಲವೂ ನಡೆಯುವುದು ಅದರ ಮೇಲೆ. ಬಲಿತ ಕಾಯನ್ನು ಕೆಡವಿ ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಅಲ್ಲಿಂದ ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಧೂಳು ಹಿಡಿದ ಕಾಯಿಯ ರಾಶಿ, ಅಷ್ಟೇ. ಒಳಗೆ ಮಾತ್ರ ನೀರು ತಿಂಗಳು ತಿಂಗಳಿಗೂ ಹಿಂಗುತ್ತಿರುತ್ತದೆ, ತಿರುಳು ಗಟ್ಟಿಯಾಗುತ್ತಿರುತ್ತದೆ. ಕೊನೆಗೊಂದು ದಿನ ತಿರುಳು ಚಿಪ್ಪಿನಿಂದ ಪೂರ್ತಿ ಬಿಡಿಸಿಕೊಂಡು ಒಳಗೇ ಬಿಡಿಯಾಗಿ ಕೂರುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಎನ್ನುತ್ತದೆ. ಆಗ ಸುಲಿಯಬೇಕು, ಅದಕ್ಕೆ ಮುಂಚೆ ಅಲ್ಲ. ಕೇರಳದ ಕಡೆ ಕಾಯನ್ನು ಹೋಳು ಮಾಡಿ ಬಿಸಿಲಿಗಿಟ್ಟು ಕೆಲವೇ ದಿನದಲ್ಲಿ ಒಣಗಿಸುತ್ತಾರೆ. ಅದು ಹೋಗುವುದು ಎಣ್ಣೆಯ ಗಾಣಕ್ಕೆ. ಉತ್ತರ ಭಾರತದವರು ಹಬ್ಬಕ್ಕೆ, ಸಿಹಿಗೆ ಬೇಕೆಂದು ಕೊಳ್ಳುವುದು ನಮ್ಮ ಉಂಡೆ ಕೊಬ್ಬರಿಯನ್ನು.

ಶಿಷ್ಯತ್ವವನ್ನು ಹೇಳಿಕೊಡಲು ಇದಕ್ಕಿಂತ ಹತ್ತಿರದ ಚಿತ್ರ ನನಗೆ ಗೊತ್ತಿಲ್ಲ. ಚಿಪ್ಪಿನೊಳಗೇ ಇದ್ದು ಚಿಪ್ಪಿಗೆ ಅಂಟದಂತಾಗುವುದು, ಲೋಕದಲ್ಲೇ ಇದ್ದು ಅದರ ಹಿಡಿತದಿಂದ ಬಿಡಿಸಿಕೊಳ್ಳುವುದು. ಅದು ಒಂದು ಕೂಟದ ರಾತ್ರಿಯಲ್ಲಿ ಮುಗಿಯುವ ಕೆಲಸವಲ್ಲ. ದಮಸ್ಕದ ದಾರಿಯಲ್ಲಿ ಬೆಳಕು ಕಂಡ ಪೌಲನೂ ಅರಬಸ್ಥಾನಕ್ಕೆ ಹೋದ, ಯೆರೂಸಲೇಮಿಗೆ ಬಂದು ಪೇತ್ರನನ್ನು ಕಂಡದ್ದು ಮೂರು ವರ್ಷದ ಮೇಲೆ. ಅಟ್ಟದ ಕಾಯಿಯನ್ನು ಐದು ತಿಂಗಳಿಗೇ ಒಡೆದು ನೋಡಿದರೆ ಏನಾಗುತ್ತದೆ? ಅದು ಅಡುಗೆಗೂ ಒದಗುವುದಿಲ್ಲ, ಮಾರುಕಟ್ಟೆಗೂ ಹೋಗುವುದಿಲ್ಲ. ಕುಡಿತ ಬಿಟ್ಟು ಹೊಸದಾಗಿ ಪ್ರಾರ್ಥನೆಗೆ ಬರುತ್ತಿರುವ ತಮ್ಮಂದಿರನ್ನು ಎರಡನೇ ವಾರಕ್ಕೇ ಎಬ್ಬಿಸಿ ನಿಲ್ಲಿಸಿ ಸಾಕ್ಷಿ ಹೇಳು ಅನ್ನುತ್ತೇವಲ್ಲ, ಅದು ಇದೇ ಕೆಲಸ. ದಯವಿಟ್ಟು ಹಾಗೆ ಮಾಡಬೇಡ. ಅವರ ಹೆಂಡತಿಗೆ, ಮಕ್ಕಳಿಗೆ ಬದಲಾವಣೆ ಮೊದಲು ಕೇಳಿಸಲಿ.

ಆದರೆ ಈ ಚಿತ್ರಕ್ಕೂ ಒಂದು ಎಲ್ಲೆ ಇದೆ, ಅದನ್ನು ನೀನು ತಿಳಿದಿರಬೇಕು. ಕಾಯಿಗೆ ಮನಸ್ಸಿಲ್ಲ, ಮನುಷ್ಯನಿಗಿದೆ. ಕಾಯಿ ಅಟ್ಟದಲ್ಲಿ ಸುಮ್ಮನಿದ್ದರೆ ಸಾಕು. ಸ್ವಾಮಿಯ ಹಿಂದೆ ಹೋಗುವವನಿಗೆ ಮಾತ್ರ ದಿನದಿನವೂ ಶಿಲುಬೆ ಹೊರುವ ಕೆಲಸವಿದೆ. ತಮ್ಮನ ಪಾಲಿನ ಗುಂಟೆ ಒತ್ತಿಕೊಂಡವನು, ನಾನಿನ್ನೂ ಅಟ್ಟದಲ್ಲಿದ್ದೇನೆ, ನಿಧಾನಕ್ಕೆ ಮಾಗುತ್ತೇನೆ ಎಂದು ನಿನ್ನ ಉದಾಹರಣೆಯನ್ನೇ ಮರೆಮಾಡಿಕೊಂಡರೆ ಒಪ್ಪಬೇಡ. ಜಕ್ಕಾಯ ಮರದಿಂದ ಇಳಿದ ದಿನವೇ ಲೆಕ್ಕ ಚುಕ್ತಾ ಮಾಡಲು ನಿಂತ. ಒಳಗು ಮಾಗಲು ಕಾಲ ಬೇಕು, ನಿಜ. ಕಸಿದದ್ದನ್ನು ಹಿಂದಕ್ಕೆ ಕೊಡಲು ಕಾಲ ಬೇಡ.

ಕೊಬ್ಬರಿ ಶೆಡ್ಡಿಗೂ ಒಮ್ಮೆ ಹೋಗಿ ಕೂತು ಬಾ. ಪ್ರಸಂಗಕ್ಕೆ ಸರಕು ಸಿಗುತ್ತದೆ ಎಂದಲ್ಲ, ಅಲ್ಲಿ ಕೂತ ಹೆಂಗಸರು ನಿನಗೆ ಗೊತ್ತಿರಬೇಕು ಎಂದು. ಮಟ್ಟೆ ಸುಲಿದ ಕಾಯನ್ನು ಅಂಗೈಯಲ್ಲಿ ತಿರುಗಿಸುತ್ತ, ಕತ್ತಿಯಿಂದ ಸುತ್ತಲೂ ಹದವಾಗಿ ಹೊಡೆದು, ಗಿಟುಕಿಗೆ ಏಟು ತಾಗದಂತೆ ಚಿಪ್ಪನ್ನಷ್ಟೇ ಬಿಡಿಸುವುದನ್ನು ನೋಡು. ಏಟು ಒಂದಿಷ್ಟು ಜೋರಾದರೆ ಗಿಟುಕು ಹೋಳಾಗುತ್ತದೆ, ದರ ಇಳಿಯುತ್ತದೆ. ಅವರ ಕೂಲಿಯ ಲೆಕ್ಕ ಕಾಯಿಗಿಷ್ಟು ಎಂದು. ಕೈ ಚುರುಕಾದವರಿಗೆ ಹೆಚ್ಚು, ವಯಸ್ಸಾದವರಿಗೆ, ಬಾಣಂತನ ಮುಗಿಸಿ ಬಂದವರಿಗೆ ಕಡಿಮೆ. ಇದನ್ನು ಕಂಡ ಮೇಲೆ ಮತ್ತಾಯನ ಇಪ್ಪತ್ತನೇ ಅಧ್ಯಾಯ ಓದು. ದ್ರಾಕ್ಷಿ ತೋಟದ ಯಜಮಾನ ಹೊತ್ತು ಇಳಿಯುವಾಗ ಬಂದವನಿಗೂ ಪೂರ್ತಿ ದಿನದ ಕೂಲಿ ಕೊಟ್ಟ ಕಥೆ ಅದು. ನಮ್ಮಲ್ಲಿ ಅದನ್ನು ಪರಲೋಕದ ವಿಷಯವೆಂದು ಹೇಳಿ ಮುಗಿಸಿಬಿಡುತ್ತಾರೆ. ಪರಲೋಕದ ವಿಷಯ ಹೌದು. ಆದರೆ ತಡವಾಗಿ ಬಂದವನ ಮನೆಯಲ್ಲೂ ಸಂಜೆ ಅಷ್ಟೇ ಮಕ್ಕಳು ಊಟಕ್ಕೆ ಕಾಯುತ್ತಿದ್ದರು ಎಂಬುದನ್ನು ಆ ಯಜಮಾನ ಕಂಡಿದ್ದ. ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬ ಕಟ್ಟಳೆ ಮೋಶೆಯ ಕಾಲದಿಂದಲೂ ಇದೆ. ಬಾಕಿ ಸಂಬಳ ಮುಂದಿನ ಸಂತೆಗೆ ಎನ್ನುವ ಮನೆಯಲ್ಲಿ ಈ ಸಾಮ್ಯ ಹೇಳಬೇಕಾಗಿ ಬಂದರೆ ಹಿಂಜರಿಯದೆ ಹೇಳು. ದನಿ ಏರಿಸಬೇಡ, ಕಥೆಯೇ ಅವರನ್ನು ಕೇಳಲಿ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ದೊಡ್ಡ ಕಣಜ ಕಟ್ಟಿಸಲು ಹೊರಟ ಐಶ್ವರ್ಯವಂತನ ಸಾಮ್ಯ ಲೂಕನಲ್ಲಿದೆ. ಅಟ್ಟದ ತುಂಬ ಕಾಯಿ ತುಂಬಿಕೊಂಡು ಬೆಲೆಗೆ ಕಾಯುವ ನಮ್ಮ ಸೀಮೆಗೆ ಅದು ಹೇಳಿ ಮಾಡಿಸಿದಂತಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ವಲ್ಪ ತಡೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ರೈತರು ಬೀದಿಗಿಳಿದರು, ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ಹೆಸರು ಬರೆಸಲು ಸಾಲುಗಟ್ಟಿದರು. ಆ ವರ್ಷ ಅಟ್ಟದಲ್ಲಿ ಕಾಯಿ ಇಟ್ಟುಕೊಂಡವನು ಐಶ್ವರ್ಯವಂತನಲ್ಲ, ಮಾರಿದರೆ ಸಾಲ ತೀರದು, ಮಾರದಿದ್ದರೆ ಬಡ್ಡಿ ನಿಲ್ಲದು ಎಂದು ನಿದ್ದೆಗೆಟ್ಟವನು. ಅವನ ಮುಂದೆ ಆ ಸಾಮ್ಯ ಓದಿ ಬೆರಳು ತೋರಿಸಿದರೆ ಗಾಯಕ್ಕೆ ಕೋಲು ಹಾಕಿದ ಹಾಗೆ. ಅವನಿಗೆ ಬೇಕಾದದ್ದು ಆಕಾಶದ ಹಕ್ಕಿಗಳ ಮಾತು, ಜೊತೆಗೆ ಒಂದು ಚೀಲ ರಾಗಿ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿ ಏರಿತು. ಕಣಜದ ಸಾಮ್ಯಕ್ಕೆ ಅದು ಸಮಯ. ಬೆಲೆ ಬಂದಾಗ ಕಾಯಿ ಕೆಡವುವವನ ಕೂಲಿ ಏರಿತೇ, ಗರಿ ಆಯ್ದು ಪೊರಕೆ ಕಟ್ಟಿ ಬದುಕುವ ಮುದುಕಿಯನ್ನು ತೋಟದ ಬೇಲಿಯೊಳಗೆ ಇನ್ನೂ ಬಿಟ್ಟುಕೊಳ್ಳುತ್ತೇವೆಯೇ, ರೂತಳಿಗೆ ಬೋವಜ ಬಿಟ್ಟಂತೆ? ಒಂದೇ ಸಾಮ್ಯ, ಒಂದೇ ಅಟ್ಟ. ಯಾವ ವರ್ಷ, ಯಾರ ಮುಂದೆ ಎಂಬುದು ನಿನಗೆ ತಿಳಿಯದಿದ್ದರೆ ಒಳ್ಳೆಯ ಉದಾಹರಣೆಯೂ ಕಲ್ಲಾಗುತ್ತದೆ. ಅದಕ್ಕೇ ಹೇಳುವುದು, ಬೈಬಲ್ ತೆರೆದಷ್ಟೇ ಶ್ರದ್ಧೆಯಿಂದ ಕೇಳುವವರ ಅಟ್ಟ ಹತ್ತಿ ನೋಡು ಎಂದು.

ನಮಗಿಂತ ಹಿಂದೆ ಬಂದವರು ಇದನ್ನು ಕಷ್ಟಪಟ್ಟು ಕಲಿತರು. ಪಕ್ಕದ ಗುಬ್ಬಿಯಲ್ಲಿ 1830ರ ದಶಕದಲ್ಲೇ ವೆಸ್ಲಿಯನ್ ಮಿಷನ್ ನೆಲೆಯೂರಿತು. 1839ರಲ್ಲಿ ಅಲ್ಲಿಗೆ ಹೊರಟು ಬಂದ ವಿಲಿಯಂ ಆರ್ಥರ್‌ಗೆ ಆಗ ಇಪ್ಪತ್ತರ ಪ್ರಾಯ, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಕಣ್ಣು ಕೆಟ್ಟು 1841ರಲ್ಲಿ ಹಿಂದಿರುಗಬೇಕಾಯಿತು. ಅಷ್ಟರಲ್ಲಿ ಕಂಡದ್ದನ್ನೇ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಒಂದು ಪುಸ್ತಕವಾಗಿ ಬರೆದ. ಅದೇ ಗುಬ್ಬಿಯಲ್ಲಿ ದುಡಿದ ಥಾಮಸ್ ಹಾಡ್ಸನ್ ತನ್ನ ಮುಪ್ಪಿನಲ್ಲಿ, 1877ರಲ್ಲಿ, ಒಂದು ಪುಸ್ತಕ ಪ್ರಕಟಿಸಿದ. ಅದು ಮಿಷನರಿಗಳ ಸಾಹಸದ ಕಥೆಯಲ್ಲ, ದಾನಿಯೇಲ ಎಂಬ ಹೆಸರು ಪಡೆದ ಗುಬ್ಬಿ ಕಡೆಯ ಒಬ್ಬ ಹಳ್ಳಿಗನ ಬಾಳಿನ ಕಥೆ. ಅಷ್ಟು ವರ್ಷ ಬೋಧಿಸಿದವನಿಗೆ ಕೊನೆಗೆ ತೋರಿಸಬೇಕೆನಿಸಿದ್ದು ಒಬ್ಬ ಮನುಷ್ಯನನ್ನು. ಇತ್ತ 1853ರಲ್ಲಿ ಮಿಷನರಿಯಾಗಿ ಬಂದ ಕಿಟ್ಟೆಲ್ 1862ರ ಹೊತ್ತಿಗೆ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಕಟ್ಟಿಕೊಟ್ಟ. 1894ರ ಅವನ ನಿಘಂಟನ್ನು ತೆರೆದರೆ ಹಳ್ಳಿಯವರ ಗಾದೆಗಳೂ ಸಿಗುತ್ತವೆ. ಪರದೇಶದವರೇ ಇಲ್ಲಿನವರ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿಸಿಕೊಂಡಿರುವಾಗ, ಇಲ್ಲೇ ಹುಟ್ಟಿದ ನಾವು ಹಿಮದ ಕಥೆ ಹೇಳುವುದು ಸರಿಯೇ?

ಗುಡಿಯಲ್ಲಿ ಒಡೆಯುವ ಕಾಯಿಯ ವಿಷಯದಲ್ಲೂ ನನ್ನದೊಂದು ಬಿನ್ನಹವಿದೆ. ನೆರೆಯವರು ಭಕ್ತಿಯಿಂದ ಅರ್ಪಿಸುವುದನ್ನು ನಿನ್ನ ಪ್ರಸಂಗದಲ್ಲಿ ಹಾಸ್ಯಕ್ಕೋ ಹೋಲಿಕೆಗೋ ಎಳೆಯಬೇಡ. ಚಪ್ಪಾಳೆ ಸಿಗಬಹುದು, ಬಾಗಿಲಲ್ಲಿ ನಿಂತವರು ಮಾತ್ರ ಒಳಗೆ ಬರದೆ ಹೋಗುತ್ತಾರೆ. ಮದುವೆಗೂ ಸಾವಿಗೂ ನಮ್ಮ ಮನೆಗೆ ಮೊದಲು ಓಡಿ ಬರುವವರು ಅವರೇ. ಹಾಗೆಯೇ ಯಾರ ಬದುಕಿನ ಸಂಗತಿಯನ್ನಾದರೂ ಹೇಳುವ ಮುಂಚೆ ಅವರ ಒಪ್ಪಿಗೆ ಕೇಳು. ಹೆಸರು ಬಿಟ್ಟು ಹೇಳಿದರೂ ನಮ್ಮಂಥ ಊರಿನಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಮುಂದಿನ ಸಲ ಒಳ್ಳೆಯ ಸಮಾರ್ಯದವನ ಭಾಗ ನಿನ್ನ ಪಾಲಿಗೆ ಬಂದಿದೆಯಂತೆ. ಯೆರಿಕೋವಿನ ದಾರಿಯನ್ನು ನಮ್ಮವರಿಗೆ ಹೇಗೆ ತೋರಿಸಲಿ ಎಂದು ಕೇಳಿದೆಯಲ್ಲ. ಮರದಿಂದ ಬಿದ್ದವನನ್ನು ನೆನೆ. ಪ್ರತಿ ಊರಿನಲ್ಲೂ ಅಂಥವರು ಸಿಗುತ್ತಾರೆ, ಸೊಂಟ ಮುರಿದು ಜಗಲಿ ಹಿಡಿದವರು. ಬಿದ್ದ ದಿನ ಎಲ್ಲರೂ ಓಡಿದ್ದರು, ಆಟೋ ತಂದರು, ಆಸ್ಪತ್ರೆಗೆ ಸೇರಿಸಿದರು. ಆರು ತಿಂಗಳ ಮೇಲೆ ಯಾರು ಹೋದರು? ಸಮಾರ್ಯದವನು ಗಾಯ ಕಟ್ಟಿ ಬಿಟ್ಟುಹೋಗಲಿಲ್ಲ. ಚಾವಡಿಯವನ ಕೈಗೆ ಹಣ ಕೊಟ್ಟು, ಹೆಚ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದು ಹೊಣೆ ಹೊತ್ತ. ಆ ಕಥೆಯಲ್ಲಿ ನನ್ನ ಮನಸ್ಸು ಯಾವಾಗಲೂ ನಿಲ್ಲುವುದು ಆ ಮಾತಿನ ಬಳಿ.

ಮರ ಹತ್ತುವವರಿಗಾಗಿಯೇ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ಇದೆ. ಹತ್ತುವವನು ಕಟ್ಟಬೇಕಾದದ್ದು ಸಣ್ಣ ಮೊತ್ತ, ಉಳಿದದ್ದನ್ನು ಮಂಡಳಿಯೇ ಭರಿಸುತ್ತದೆ. ನಮ್ಮ ಸಭೆಯ ತೋಟದವರು ತಮ್ಮ ಮರ ಹತ್ತುವವರ ಪಾಲನ್ನು ತಾವೇ ಕಟ್ಟಿದರೆ ಯಾರ ಮನೆಯೂ ಮುಳುಗುವುದಿಲ್ಲ. ನೀನು ವಾಕ್ಯ ಹೇಳುವುದಕ್ಕೆ ಮುಂಚೆಯೇ ಇದನ್ನು ಹಿರಿಯರ ಮುಂದೆ ಇಡು. ಮೊದಲು ನಿಮ್ಮ ತೋಟದಲ್ಲಿ ಮರ ಹತ್ತುವವನ ಅರ್ಜಿ ಹೋಗಲಿ, ಆಮೇಲೆ ನಮ್ಮ ತೋಟದವನದು. ಆಧಾರ್ ಪ್ರತಿ, ಫೋಟೋ, ನಾಮಿನಿಯ ಹೆಸರು ಇಟ್ಟುಕೊಂಡಿರಲು ಮರ ಹತ್ತುವವರಿಗೆ ಈಗಲೇ ತಿಳಿಸು. ಓದು ಬರಹ ಬಾರದವರ ಫಾರಂ ತುಂಬಲು ನಾನು ಬಂದು ಕೂರುತ್ತೇನೆ. ಶನಿವಾರ ಸಂಜೆ ಆದೀತೇ ನೋಡಿ ಹೇಳು.