ಮನೆ ನೋಡುವ ಮೊದಲು ನೀರಿನ ದಿನ ಕೇಳಿ

ಕಳೆದ ಏಪ್ರಿಲ್‌ನಲ್ಲಿ ಗೆಳೆಯನಿಗೆ ಬಾಡಿಗೆ ಮನೆ ಹುಡುಕಿಕೊಂಡು ಆವರಗೆರೆಗೆ ಹೋಗಿದ್ದೆವು. ಅವನಿಗೆ ಮೈಸೂರಿನಿಂದ ದಾವಣಗೆರೆಯ ಬ್ಯಾಂಕ್ ಶಾಖೆಗೆ ವರ್ಗವಾಗಿತ್ತು. ಹೆಂಡತಿಗೆ ಹರಿಹರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿನ ತಾಯಿ. ಮಾಲೀಕರು ಹೊಳೆಯುವ ಟೈಲ್ಸ್, ಅಡುಗೆಮನೆಯ ಗ್ರಾನೈಟ್ ಕಟ್ಟೆ, ದೇವರ ಕೋಣೆಯ ಬಾಗಿಲ ಕೆತ್ತನೆ ಎಲ್ಲವನ್ನೂ ತೋರಿಸಿದರು. ಗೆಳೆಯ ಒಪ್ಪಿಯೇಬಿಟ್ಟಿದ್ದ. ನಾನು ಹೊರಗೆ ಬಂದು ಎದುರು ಮನೆಯ ಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದ ಅಜ್ಜಿಯನ್ನು ಕೇಳಿದೆ: ‘ಅಜ್ಜಿ, ಈ ಓಣಿಗೆ ನೀರು ಯಾವತ್ತು ಬರುತ್ತೆ?’

‘ವಾರಕ್ಕೊಂದು ಸಲ ಅನ್ಕೋಳಪ್ಪ. ಬಿಸಿಲುಗಾಲ್ದಾಗ ಇನ್ನೂ ಎರಡು ದಿನ ಜಾಸ್ತಿ. ಆ ಮನಿ ಸಂಪು ಸಣ್ಣದು, ಹೋದವ್ರು ಅದಕ್ಕೇ ಬಿಟ್ಟು ಹೋದ್ರು.’

ಮಾಲೀಕರು ಅರ್ಧ ಗಂಟೆಯಲ್ಲಿ ಹೇಳದಿದ್ದುದನ್ನು ಅಜ್ಜಿ ಎರಡು ಮಾತಿನಲ್ಲಿ ಹೇಳಿದ್ದರು. ಹದಿನೈದು ವರ್ಷಗಳಲ್ಲಿ ಈ ಊರಿನಲ್ಲಿ ನಾಲ್ಕು ಮನೆ ಬದಲಿಸಿದವನಾಗಿ, ಹೊಸದಾಗಿ ದಾವಣಗೆರೆಗೋ ಹರಿಹರಕ್ಕೋ ಬರುವವರಿಗೆ ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಹೆಚ್ಚು ಓಡಾಡುವವರ ದಾರಿ ಅಳೆಯಿರಿ

ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು, 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ ಸ್ಥಾನ ಪಡೆಯಿತು. ಇಷ್ಟೆಲ್ಲ ಆದರೂ ಊರಿನ ಬೆನ್ನೆಲುಬು ಎರಡೇ: ರೈಲು ಹಳಿ ಮತ್ತು ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ. ಆವರಗೆರೆ ಇರುವುದು ಪಿ.ಬಿ. ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ. ಹರಿಹರ ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್. ಗೆಳೆಯನ ಹೆಂಡತಿ ಆವರಗೆರೆಯಲ್ಲಿ ಮನೆ ಮಾಡಿದರೆ ದಿನಾ ಇಡೀ ಊರನ್ನು ದಾಟಿ, ಬಸ್ ಬದಲಿಸಿ, ಆಮೇಲೆ ಹರಿಹರದ ಬಸ್ ಹಿಡಿಯಬೇಕು. ಬಾಡಿಗೆಯಲ್ಲಿ ಉಳಿಯುವ ಹಣಕ್ಕಿಂತ ಆಕೆ ಕಳೆದುಕೊಳ್ಳುವ ಹೊತ್ತು ದೊಡ್ಡದು. ನಮ್ಮಲ್ಲಿ ಗಂಡಸಿನ ಆಫೀಸಿಗೆ ಹತ್ತಿರವಾಗುವಂತೆ ಮನೆ ಮಾಡುವುದು ರೂಢಿ. ಇದನ್ನು ಬಿಡಬೇಕು. ಮನೆಯಲ್ಲಿ ಯಾರು ಅತಿ ದೂರ, ಅತಿ ಹೆಚ್ಚು ಸಲ ಓಡಾಡುತ್ತಾರೋ ಅವರ ದಾರಿಯೇ ಅಳತೆಗೋಲಾಗಬೇಕು.

ಅದೇ ಆವರಗೆರೆ ಬೇರೆಯವರಿಗೆ ಸರಿಹೊಂದಬಹುದು. ಬೆಂಗಳೂರು, ಚಿತ್ರದುರ್ಗದ ಕಡೆ ಪದೇ ಪದೇ ಹೋಗಿಬರುವವರಿಗೆ ಪೇಟೆಯ ನಡುವೆ ನುಗ್ಗುವ ಕಷ್ಟವಿಲ್ಲ. ವಿಶ್ವವಿದ್ಯಾಲಯಕ್ಕೆ, ಅಂದರೆ ತೋಳಹುಣಸೆಯ ಶಿವಗಂಗೋತ್ರಿಗೆ ಹೋಗುವವರು ಹದಡಿ ರಸ್ತೆಯ ಕಡೆಯ ಬಡಾವಣೆಗಳನ್ನು ಮೊದಲು ನೋಡಲಿ. ಆಸ್ಪತ್ರೆ, ಕಾಲೇಜುಗಳ ಕೆಲಸದವರು ಎಂಸಿಸಿ ಬ್ಲಾಕ್, ವಿದ್ಯಾನಗರ, ಪಿ.ಜೆ. ಬಡಾವಣೆಗಳನ್ನು ಇಷ್ಟಪಡುತ್ತಾರೆ. ಅಲ್ಲಿ ಬಾಡಿಗೆ ಏರಿರುವುದೂ ಅದಕ್ಕೇ.

ಒಂದು ಎಚ್ಚರಿಕೆ. ಜಾಹೀರಾತಿನಲ್ಲಿ ‘ಆವರಗೆರೆ’ ಎಂದು ಓದಿ ‘ಆವರಗೊಳ್ಳ’ಕ್ಕೆ ಹೋದವರಿದ್ದಾರೆ. ಎರಡೂ ಬೇರೆ ಬೇರೆ ಊರು. ಫೋನಿನಲ್ಲಿ ಹೆಸರನ್ನು ಬಿಡಿಸಿ ಕೇಳಿ.

ಎರಡನೆಯದು: ನೀರಿನ ಲೆಕ್ಕ

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಊರಿನಲ್ಲಿ ಮನೆ ಬದಲಿಸುವವರಲ್ಲಿ ನೀರಿನ ಕಾರಣ ಹೇಳುವವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ದಾವಣಗೆರೆಗೆ ನೀರು ಬರುವುದು ಎರಡು ಕಡೆಯಿಂದ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರು ಒಂದು. ಭದ್ರಾ ನಾಲೆಯ ನೀರು ತುಂಬಿಕೊಳ್ಳುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆ ಇನ್ನೊಂದು. ನಾಲೆಗೆ ನೀರು ನಿಲ್ಲಿಸಿದ ಕಾಲದಲ್ಲಿ ಕೆರೆ ಇಳಿಯುತ್ತದೆ, ಬೇಸಿಗೆಯಲ್ಲಿ ನದಿ ಸೊರಗುತ್ತದೆ. ಆಗ ಒಂದು ಸರದಿಗೂ ಇನ್ನೊಂದಕ್ಕೂ ನಡುವಿನ ದಿನಗಳು ಹಿಗ್ಗುತ್ತವೆ. ಆದ್ದರಿಂದ ಆಗಸ್ಟ್‌ನಲ್ಲಿ ನೋಡಿದ ಮನೆಗೆ ಏಪ್ರಿಲ್‌ನ ಪ್ರಶ್ನೆ ಕೇಳಬೇಕು: ‘ಹೋದ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬಂತು? ಹಗಲೋ ರಾತ್ರಿಯೋ? ಎಷ್ಟು ಹೊತ್ತು?’

ಈಗ ಸಂಪಿನ ಅಳತೆ. ನಗರದ ನೀರು ಪೂರೈಕೆಗೆ ಇಂಜಿನಿಯರುಗಳು ಹಿಡಿಯುವ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಗೆಳೆಯನ ಮನೆಯ ಐದು ಜನಕ್ಕೆ ದಿನಕ್ಕೆ 675 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಂದರೆ 5,400 ಲೀಟರ್ ಹಿಡಿದಿಡಬೇಕು. ಒಂದು ಘನ ಅಡಿಯಲ್ಲಿ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ಏಳು ಅಡಿ ಆಳದ ಸಂಪು ಇದ್ದರೆ 210 ಘನ ಅಡಿ, ಅಂದರೆ 5,900 ಲೀಟರಿಗೆ ಸ್ವಲ್ಪ ಕಡಿಮೆ. ಸಾಕು. ನಾವು ನೋಡಿದ ಮನೆಯ ಸಂಪಿನ ಮುಚ್ಚಳ ತೆಗೆಸಿ ಟೇಪು ಇಳಿಬಿಟ್ಟರೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಐದು ಅಡಿ ಆಳ, 2,240 ಲೀಟರ್. ಅದೂ ಮೇಲಿನ ಮನೆಯವರಿಗೂ ಸೇರಿ. ನಾಲ್ಕನೇ ದಿನಕ್ಕೂ ಸಾಲುತ್ತಿರಲಿಲ್ಲ. ಮುಚ್ಚಳ ತೆಗೆಸಲು ಸಂಕೋಚ ಬೇಡ. ಟೇಪು ಜೇಬಿನಲ್ಲಿರಲಿ.

ದಿನವಿಡೀ ನೀರು ಕೊಡುವ ಗುರಿಯ ಜಲಸಿರಿ ಯೋಜನೆಯ ಮೀಟರ್ ಗೋಡೆಯ ಮೇಲೆ ಕಂಡರೆ ಅಷ್ಟಕ್ಕೇ ಖುಷಿಪಡಬೇಡಿ. ಮೀಟರ್ ಕೂರಿಸಿದ್ದಾರೆಯೇ ಎನ್ನುವುದು ಒಂದು ಪ್ರಶ್ನೆ, ಆ ಕೊಳವೆಯಲ್ಲಿ ದಿನವೂ ನೀರು ಬರುತ್ತಿದೆಯೇ ಎನ್ನುವುದು ಇನ್ನೊಂದು. ಬೋರ್ ಇದೆ ಎಂದರೆ ಬಚ್ಚಲಿಗೆ ಹೋಗಿ ನಲ್ಲಿಯ ಬುಡ ನೋಡಿ. ಸುಣ್ಣದಂಥ ಬಿಳಿ ಪೊರೆ ದಪ್ಪಗಟ್ಟಿದ್ದರೆ ನೀರು ಗಡಸು. ಬಟ್ಟೆ ತೊಳೆಯುವಾಗ ಸಾಬೂನಿನ ನೊರೆ ಬಾರದು, ಗೀಸರ್ ಬೇಗ ಕೆಡುತ್ತದೆ, ಕುಡಿಯಲು ಕ್ಯಾನ್ ಹೊರುವುದು ತಪ್ಪುವುದಿಲ್ಲ. ಶುದ್ಧ ನೀರಿನ ಘಟಕ ಎಷ್ಟು ದೂರ ಎನ್ನುವುದನ್ನೂ ಅವತ್ತೇ ನೋಡಿಕೊಳ್ಳಿ. ಇಪ್ಪತ್ತು ಲೀಟರಿನ ಕ್ಯಾನನ್ನು ಎರಡನೇ ಮಹಡಿಗೆ ಹೊರುವವರು ಯಾರು ಎಂಬ ಪ್ರಶ್ನೆಯೂ ಇದೆ.

ಮೂರನೆಯದು: ಮೂರು ಹೊತ್ತು ಹೋಗಿ

ಭಾನುವಾರ ಹನ್ನೊಂದು ಗಂಟೆಗೆ ಎಲ್ಲ ಬಡಾವಣೆಯೂ ಚೆನ್ನಾಗಿಯೇ ಕಾಣುತ್ತದೆ. ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಹೋಗಿ. ಶಾಲೆಯ ವ್ಯಾನು, ಆಟೊ, ಬೈಕು ಒಂದೇ ತಿರುವಿನಲ್ಲಿ ಸೇರುವ ಹೊತ್ತದು. ಹಳೇ ಊರಿನಲ್ಲಿ ಮನೆ ಮಾಡುವವರು ಹಳಿ ದಾಟುವ ದಾರಿಯನ್ನು ಸ್ವತಃ ಓಡಾಡಿ ನೋಡಲೇಬೇಕು. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು ಎಷ್ಟು ತಲೆಮಾರಿನ ವಿದ್ಯಾರ್ಥಿಗಳ ಮೊದಲ ಪೀರಿಯಡ್ಡನ್ನು ನುಂಗಿದೆ ಎಂದು ಇಲ್ಲಿನವರನ್ನು ಕೇಳಿ. ಅಂಡರ್‌ಪಾಸ್ ದಾಟಿ ಹೋಗಬೇಕಾದ ಬಡಾವಣೆಯಾದರೆ ಜೋರು ಮಳೆ ಬಂದ ಮರುಗಂಟೆ ಹೋಗಿ ನಿಲ್ಲಿ. ಒಂದೇ ಮಳೆ ಎಲ್ಲ ಹೇಳಿಬಿಡುತ್ತದೆ.

ಇನ್ನೊಮ್ಮೆ ರಾತ್ರಿ ಹತ್ತರ ಮೇಲೆ. ಬೀದಿದೀಪ, ಬೀದಿನಾಯಿ, ಬಾರಿನ ಮುಂದಿನ ಗದ್ದಲ ಆಗಲೇ ಗೊತ್ತಾಗುವುದು. ಮನೆಯಲ್ಲಿ ರಾತ್ರಿ ಪಾಳಿಯ ನರ್ಸ್ ಇದ್ದರೆ, ತಡವಾಗಿ ರೈಲಿಳಿಯುವ ಮಗಳಿದ್ದರೆ, ಆಕೆಯನ್ನೇ ಕರೆದುಕೊಂಡು ಹೋಗಿ. ‘ಇಲ್ಲಿ ಒಬ್ಬಳೇ ನಡೆಯಬಲ್ಲೆಯಾ?’ ಎಂದು ಕೇಳಿ, ಆಕೆಯ ಉತ್ತರವನ್ನೇ ಕೊನೆಯದೆಂದು ಒಪ್ಪಿಕೊಳ್ಳಿ.

ಮೂರನೇ ಸಲ ನಸುಕಿಗೆ. ಅದು ಮೂಗಿನ ಪರೀಕ್ಷೆ. ಈ ಊರಿನ ಮಂಡಕ್ಕಿ ನಾಡಿಗೆಲ್ಲ ಪ್ರಿಯ, ಆದರೆ ಭಟ್ಟಿಗಳ ಹೊಗೆ ಅಕ್ಕಪಕ್ಕದ ಓಣಿಯ ಮಕ್ಕಳ ಎದೆಗೆ ಒಳ್ಳೆಯದಲ್ಲ. ಉಬ್ಬಸ ಇರುವವರು ಭಟ್ಟಿಯ ಗಾಳಿ ಬೀಸುವ ಕಡೆ ಮನೆ ಮಾಡಬಾರದು. ಸುಗ್ಗಿಯಲ್ಲಿ ಮೆಕ್ಕೆಜೋಳದ ಲಾರಿಗಳು ಎಪಿಎಂಸಿ ಕಡೆ ಸಾಲುಗಟ್ಟುತ್ತವೆ, ಅಕ್ಕಿ ಗಿರಣಿಗಳ ಸುತ್ತ ತೌಡಿನ ದೂಳು ಏಳುತ್ತದೆ. ಮಹಡಿಯ ಮೇಲೆ ಒಣಹಾಕಿದ ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿದರೆ ಗೊತ್ತಾಗುತ್ತದೆ.

ಹಳೇ ಊರು ಬೇಡವೆಂದು ನಾನು ಹೇಳುತ್ತಿಲ್ಲ. ಮಂಡಿಪೇಟೆ, ಚೌಕಿಪೇಟೆ ಸುತ್ತ ಕಾಳುಕಡ್ಡಿಯಿಂದ ಬಟ್ಟೆಯವರೆಗೆ ಎಲ್ಲವೂ ನಡೆದು ಹೋಗುವ ದೂರದಲ್ಲಿ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆಯ ಸಡಗರವನ್ನು ಹೊಸ ಬಡಾವಣೆಯ ಯಾವ ಪಾರ್ಕೂ ಕೊಡಲಾರದು. ಜಾತ್ರೆಯ ದಿನಗಳಲ್ಲಿ ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದು ಮಾತ್ರ ಮೊದಲೇ ಯೋಚಿಸಿ.

ಹರಿಹರವೂ ಲೆಕ್ಕದಲ್ಲಿರಲಿ

ದಾವಣಗೆರೆಯಲ್ಲೇ ಇರಬೇಕೆಂಬ ಹಟವೇಕೆ? ಎರಡೂ ಊರಿಗೆ ನಗರಾಭಿವೃದ್ಧಿ ಪ್ರಾಧಿಕಾರ ಒಂದೇ, ಜನ ಬಾಯ್ತುಂಬ ಕರೆಯುವ ‘ದೂಡಾ’. ಬಸ್ಸಿಗೆ ಕೊರತೆಯಿಲ್ಲ, ರೈಲೂ ಇದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾಲದಲ್ಲಿ ನೌಕರರ ಸಂಸಾರಗಳಿಂದ ತುಂಬಿದ್ದ ಊರು ಈಗ ನಿಧಾನಗತಿಯದು. ಹದಿಮೂರನೇ ಶತಮಾನದ ಹರಿಹರೇಶ್ವರ ದೇಗುಲದ ಕಂಬಗಳ ನಡುವೆ ಸಂಜೆ ಕೂರುವ ಭಾಗ್ಯವೂ ಇದೆ. ವಯಸ್ಸಾದ ತಂದೆತಾಯಿಗೆ ಅದು ಒಗ್ಗುತ್ತದೆ. ಆದರೆ ಹೊಳೆಯ ದಂಡೆಯ ತಗ್ಗು ಪ್ರದೇಶ ಬೇಡ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಗಂಗಾನಗರದ ಮನೆಗಳಿಗೆ ನೀರು ನುಗ್ಗಿತ್ತು. ಮೇಲೆ ಭದ್ರಾ ಜಲಾಶಯ 186 ಅಡಿ ಮುಟ್ಟಿ ಗೇಟು ತೆರೆದರೆಂದರೆ ಇಲ್ಲಿ ಹೊಳೆ ಏರುತ್ತದೆ. ಬಾಡಿಗೆ ಕಡಿಮೆ ಇರುವ ಮನೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಬಣ್ಣ ಬೇರೆಯಾಗಿದ್ದರೆ ಏಕೆಂದು ಕೇಳಿ.

ಮಾಲೀಕರೊಂದಿಗೆ ಮಾತು

‘ನೀವು ಯಾವ ಪೈಕಿ?’ ಈ ಪ್ರಶ್ನೆ ನಮ್ಮ ಊರಿನಲ್ಲಿ ಇನ್ನೂ ಇದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಒಳ್ಳೆಯ ಕೆಲಸದಲ್ಲಿರುವ, ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವ ಜನ ಈ ಒಂದು ಪ್ರಶ್ನೆಯಿಂದಾಗಿ ಮೆಟ್ಟಿಲಿಳಿದು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಇದು ಅನ್ಯಾಯ. ಮನೆ ಕೊಡುವವರು ಬಾಡಿಗೆ, ನಡತೆ ಎರಡನ್ನೇ ಕೇಳುವ ದಿನ ಬರಬೇಕು. ಅಲ್ಲಿಯವರೆಗೆ ಹುಡುಕುವವರು ಮಾಡಬಹುದಾದದ್ದು ಇಷ್ಟೆ: ಅಡುಗೆ, ನೆಂಟರು, ರಾತ್ರಿ ಬರುವ ಹೊತ್ತು ಇವುಗಳ ಬಗ್ಗೆ ಷರತ್ತೇನಾದರೂ ಇದೆಯೇ ಎಂದು ಫೋನಿನಲ್ಲೇ ನೇರವಾಗಿ ಕೇಳಿಬಿಡುವುದು. ಹೋಗಿ ಅವಮಾನಪಡುವುದಾದರೂ ತಪ್ಪುತ್ತದೆ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಮುಂಗಡ ಎಷ್ಟು, ಬಿಡುವಾಗ ಬಣ್ಣದ ಖರ್ಚೆಂದು ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ ಎಲ್ಲವೂ ಬರಹದಲ್ಲಿರಲಿ. ವಿದ್ಯುತ್ ಮೀಟರ್ ಬೇರೆಯೇ ಇದೆಯೇ ನೋಡಿ, ಬೆಸ್ಕಾಂ ಬಿಲ್ಲಿನ ಆರ್.ಆರ್. ನಂಬರ್ ಬರೆದುಕೊಳ್ಳಿ, ಹಳೆಯ ಬಾಕಿ ಇದ್ದರೆ ಮೊದಲು ತೀರಿಸಲು ಹೇಳಿ. ಲೀಸಿಗೆ ಅಂದರೆ ಭೋಗ್ಯಕ್ಕೆ ಮನೆ ಹಿಡಿಯುವವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಲಕ್ಷಗಟ್ಟಲೆ ಹಣವನ್ನು ಬರೀ ಸ್ಟಾಂಪ್ ಕಾಗದದ ನಂಬಿಕೆಯ ಮೇಲೆ ಕೊಡಬೇಡಿ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿ.

ಕೊಳ್ಳುವ ಆಲೋಚನೆ ಇದ್ದರೆ

ಒಂದು ವರ್ಷ ಬಾಡಿಗೆಗೆ ಇದ್ದು, ಒಂದು ಬೇಸಿಗೆ ಒಂದು ಮಳೆಗಾಲ ಕಳೆದ ಮೇಲೆ ಅದೇ ಸುತ್ತಿನಲ್ಲಿ ಕೊಳ್ಳಿ. ಬಂದ ತಿಂಗಳಲ್ಲೇ ಸೈಟಿಗೆ ಮುಂಗಡ ಕೊಟ್ಟವರು ಪಶ್ಚಾತ್ತಾಪ ಪಟ್ಟಿದ್ದನ್ನು ನೋಡಿದ್ದೇನೆ.

ಊರಿನ ಅಂಚಿನ ಜಾಗವಾದರೆ ಮೊದಲ ಪ್ರಶ್ನೆ: ಇದು ಪಾಲಿಕೆಯದೋ ಗ್ರಾಮ ಪಂಚಾಯ್ತಿಯದೋ? ಪಾಲಿಕೆಯದಾದರೆ ಇ-ಆಸ್ತಿಯ ಖಾತೆ ಕೇಳಿ. ಪಂಚಾಯ್ತಿಯದಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರಬೇಕು. 11ಬಿ ತೋರಿಸಿದರೆ ಅಲ್ಲೇ ನಿಂತು ವಕೀಲರನ್ನು ಕೇಳಿ, ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಕೃಷಿ ಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ, ದೂಡಾ ಒಪ್ಪಿದ ವಿನ್ಯಾಸ ನಕ್ಷೆ ಎರಡೂ ಬೇಕು. ಋಣಭಾರ ಪತ್ರವನ್ನು ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು.

ದಾವಣಗೆರೆ, ಆವರಗೆರೆ ಎರಡೂ ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಊರುಗಳು. ಸೈಟಿನ ಮೇಲೆ ನಿಂತು ಮೊಬೈಲಿನಲ್ಲಿ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಕೆರೆ, ಹಳ್ಳ, ಗೋಮಾಳ ಎಂದೇನಾದರೂ ಕಂಡರೆ ಸುಮ್ಮನೆ ವಾಪಸ್ಸು ಬನ್ನಿ, ಬೆಲೆ ಎಷ್ಟೇ ಅಗ್ಗವಿರಲಿ.

ಬಂದ ಮೇಲೆ

ಸಾಮಾನು ಇಳಿಸಿದ ವಾರದಲ್ಲೇ ಗ್ಯಾಸ್ ಸಂಪರ್ಕ ಮತ್ತು ಆಧಾರ್ ವಿಳಾಸ ಬದಲಿಸಿ. ಮತದಾರರ ಪಟ್ಟಿಯಲ್ಲಿ ಹೊಸ ವಿಳಾಸಕ್ಕೆ ಹೆಸರು ವರ್ಗಾಯಿಸಲು ನಮೂನೆ 8 ತುಂಬಿ. ಓಣಿಗೆ ನೀರು ಬಿಡುವವರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಗೆಳೆಯ ಕೊನೆಗೆ ಹರಿಹರದ ಬಸ್ಸಿಗೆ ಐದು ನಿಮಿಷ ನಡೆಯುವಷ್ಟು ದೂರದಲ್ಲಿ, ಪಿ.ಬಿ. ರಸ್ತೆಯ ಒಳಗಿನ ಓಣಿಯೊಂದರಲ್ಲಿ ನೆಲಮಹಡಿಯ ಹಳೆಯ ಮನೆ ಹಿಡಿದ. ಟೈಲ್ಸ್ ಇಲ್ಲ, ರೆಡ್ ಆಕ್ಸೈಡ್ ನೆಲ. ಸಂಪು ಆರು ಸಾವಿರ ಲೀಟರಿನದು. ಅವನ ತಾಯಿ ಈಗ ಎದುರು ಮನೆಯ ಕಟ್ಟೆಯಲ್ಲಿ ಕೂತು ಅಲ್ಲಿನವರ ಜೊತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾರೆ.