ಬಾತ್‌ರೂಮಿನ ದುರ್ನಾತ: ಗಾಳಿ ವಾಲ್ವ್ ಯಾವಾಗ ಬೇಕು?

ದಿನವೂ ಫಿನಾಯಿಲ್ ಹಾಕಿ ತೊಳೆದರೂ ಕೆಲವು ಮನೆಗಳ ಬಾತ್‌ರೂಮಿನಿಂದ ದುರ್ನಾತ ಹೋಗುವುದಿಲ್ಲ. ಕಮೋಡ್ ಫ್ಲಶ್ ಮಾಡಿದಾಗ ಪಕ್ಕದ ವಾಶ್ ಬೇಸಿನ್‌ನಲ್ಲಿ ಗುಳುಗುಳು ಸದ್ದು ಬರುತ್ತದೆ. ಇಂತಹ ಮನೆಗಳಲ್ಲಿ ನೋಡಬೇಕಾದದ್ದು ನೆಲದ ಕೊಳೆಗಿಂತ ಮುಖ್ಯವಾಗಿ ಪೈಪಿನೊಳಗಿನ ಗಾಳಿಯನ್ನು.

ಬೇಸಿನ್, ಕಮೋಡ್ ಮತ್ತು ನೆಲದ ಜಾಲರಿಯ ಕೆಳಗೆ ಬಾಗಿದ ಭಾಗವೊಂದಿರುತ್ತದೆ. ಅದೇ ಟ್ರ್ಯಾಪ್. ಅದರಲ್ಲಿ ಸದಾ ನಿಂತಿರುವ ನೀರು ಚರಂಡಿಯ ಅನಿಲ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಈ ನೀರು ಹೋದರೆ ಅನಿಲಕ್ಕೆ ದಾರಿ ತೆರೆದಂತೆ.

ಇದು ಬರೀ ವಾಸನೆಯ ವಿಷಯವಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗಲಿತು. ನೆಲದ ಟ್ರ್ಯಾಪ್‌ಗಳು ಒಣಗಿದ್ದು ಮತ್ತು ಎಕ್ಸಾಸ್ಟ್ ಫ್ಯಾನ್‌ಗಳು ಪೈಪಿನ ಗಾಳಿಯನ್ನು ಒಳಕ್ಕೆ ಎಳೆದದ್ದು ಸೋಂಕು ಹರಡಲು ಕಾರಣವಾಗಿರಬೇಕೆಂದು ತನಿಖೆ ನಡೆಸಿದವರು ಅಭಿಪ್ರಾಯಪಟ್ಟರು.

ಮೊದಲು ಕಾರಣ ತಿಳಿಯಿರಿ

ಟ್ರ್ಯಾಪಿನ ನೀರು ಎರಡು ರೀತಿಯಲ್ಲಿ ಹೋಗುತ್ತದೆ. ಒಂದು, ಬಳಕೆಯಿಲ್ಲದೆ ಆವಿಯಾಗುವುದು. ಅತಿಥಿಗಳ ಬಾತ್‌ರೂಮ್, ಗಲ್ಫ್‌ಗೆ ಹೋದವರು ತಿಂಗಳುಗಟ್ಟಲೆ ಬೀಗ ಹಾಕಿಟ್ಟ ಮನೆ ಇದಕ್ಕೆ ಉದಾಹರಣೆ. ಅಲ್ಲಿ ಒಂದು ಬಕೆಟ್ ನೀರು ಸುರಿದರೆ ಸಾಕು. ಊರಿಗೆ ಹೊರಡುವ ಮುನ್ನ ಟ್ರ್ಯಾಪ್ ತುಂಬಿಸಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕಿದರೆ ನೀರು ಬೇಗ ಆರುವುದಿಲ್ಲ.

ಇನ್ನೊಂದು, ಎಳೆತ. ತುಂಬಿದ ಪೈಪಿನಲ್ಲಿ ನೀರು ರಭಸವಾಗಿ ಇಳಿಯುವಾಗ ಅದರ ಹಿಂದೆ ಗಾಳಿ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ತಾರಸಿಯ ವೆಂಟ್ ಪೈಪ್ ಗಾಳಿ ಕೊಡಬೇಕು. ಅದು ಇಲ್ಲದಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಟ್ರ್ಯಾಪಿನ ನೀರೇ ಎಳೆದುಹೋಗುತ್ತದೆ. ಗುಳುಗುಳು ಸದ್ದು ಇದರದ್ದೇ. ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ತಾರಸಿ ಹತ್ತಿ ನೋಡಿ. ಹಕ್ಕಿಗೂಡು, ಕಸ ಸೇರಿರಬಹುದು. ಶೀಟ್ ಹಾಕುವಾಗ ಪೈಪನ್ನು ಕತ್ತರಿಸಿ ಮುಚ್ಚಿರಲೂಬಹುದು.

ವಾಲ್ವ್ ಮಾಡುವ ಕೆಲಸ

ಹೊಸ ವೆಂಟ್ ಪೈಪನ್ನು ತಾರಸಿಯವರೆಗೆ ಒಯ್ಯಲು ಸಾಧ್ಯವಿಲ್ಲದ ಕಡೆ ಏರ್ ಅಡ್ಮಿಟೆನ್ಸ್ ವಾಲ್ವ್ ಉಪಯೋಗಕ್ಕೆ ಬರುತ್ತದೆ. ಇದರೊಳಗೆ ರಬ್ಬರಿನ ಮುಚ್ಚಳವಿದೆ. ಪೈಪಿನಲ್ಲಿ ಗಾಳಿ ಕಡಿಮೆಯಾದಾಗ ಅದು ಎದ್ದು ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ. ಹರಿವು ನಿಂತೊಡನೆ ತನ್ನ ಭಾರದಿಂದಲೇ ಮುಚ್ಚಿಕೊಳ್ಳುತ್ತದೆ. ವಿದ್ಯುತ್ ಬೇಕಿಲ್ಲ.

ನೆನಪಿಡಿ: ಇದು ಗಾಳಿಯನ್ನು ಒಳಗೆ ಮಾತ್ರ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಆದ್ದರಿಂದ ಮನೆಯ ಪೈಪ್ ವ್ಯವಸ್ಥೆಗೆ ಆಕಾಶಕ್ಕೆ ತೆರೆದ ವೆಂಟ್ ಒಂದಾದರೂ ಇರಲೇಬೇಕು. ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಗೆ ಈ ವಾಲ್ವ್ ಹಾಕಲೇಬಾರದು. ಅಲ್ಲಿ ಹುಟ್ಟುವ ಅನಿಲ ಹೊರಗೆ ಹೋಗಬೇಕು. ಸೊಳ್ಳೆ ತಡೆಯಲು ಅದರ ಬಾಯಿಗೆ ಜಾಲರಿ ಕಟ್ಟಿದರೆ ಸಾಕು. ಬೇಸಿನ್‌ನಲ್ಲಿ ನೀರು ಮೇಲಕ್ಕೆ ಉಕ್ಕುತ್ತಿದ್ದರೆ ಅದು ಪೈಪ್ ಕಟ್ಟಿದ ಲಕ್ಷಣ. ವಾಲ್ವ್‌ನಿಂದ ಅದು ಸರಿಹೋಗದು.

ಆರಿಸುವಾಗ, ಕೂರಿಸುವಾಗ

• ಒಂದು ಬೇಸಿನ್‌ಗೋ, ಇಡೀ ಬಾತ್‌ರೂಮಿಗೋ, ಮಹಡಿಗಳ ಮುಖ್ಯ ಪೈಪಿಗೋ ಎಂಬುದನ್ನು ಮೊದಲು ನಿರ್ಧರಿಸಿ. ಪೈಪಿನ ಅಳತೆಯ ಜೊತೆಗೆ ಪೆಟ್ಟಿಗೆಯ ಮೇಲೆ ಬರೆದ ಗಾಳಿಯ ಸಾಮರ್ಥ್ಯವನ್ನೂ ನೋಡಿ.

• ಯುರೋಪಿನ ಇಎನ್ 12380, ಅಮೆರಿಕದ ಎಎಸ್ಎಸ್ಇ 1050 ಅಥವಾ 1051 ಗುರುತು ಇರುವುದನ್ನು ಕೊಳ್ಳಿ. 1050 ಮುಖ್ಯ ಪೈಪಿಗೆ, 1051 ಬೇಸಿನ್ ಮತ್ತು ಕವಲು ಪೈಪುಗಳಿಗೆ.

• ವಾಲ್ವ್ ನೆಟ್ಟಗೆ ನಿಲ್ಲಬೇಕು, ಓರೆಯಾದರೆ ಸರಿಯಾಗಿ ಮುಚ್ಚದು. ಕವಲು ಪೈಪಿಗಿಂತ ಕನಿಷ್ಠ 10 ಸೆಂ.ಮೀ. ಮೇಲಿರಲಿ. ತಯಾರಕರು ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಿ.

• ಗೋಡೆಯೊಳಗೆ ಸಿಮೆಂಟು ಮಾಡಿ ಮುಚ್ಚಬೇಡಿ. ಗಾಳಿಯಾಡುವ, ಕೈಗೆ ಸಿಗುವ ಜಾಗದಲ್ಲಿರಲಿ. ರಬ್ಬರ್ ಹಳತಾಗಿ ತೆರೆದೇ ನಿಂತರೆ ಅನಿಲ ನೇರ ಮನೆಯೊಳಗೆ ಬರುತ್ತದೆ. ಆಗ ವಾಲ್ವ್ ಬದಲಿಸಬೇಕು.

• ಫ್ಲ್ಯಾಟ್‌ನಲ್ಲಿರುವವರು ಸಾಮಾನ್ಯ ಪೈಪನ್ನು ಮುಟ್ಟುವ ಮುನ್ನ ಅಸೋಸಿಯೇಷನ್‌ನ ಒಪ್ಪಿಗೆ ಪಡೆಯಿರಿ. ನಿಮ್ಮ ಪೈಪಿನ ಬದಲಾವಣೆ ಕೆಳಗಿನ ಮನೆಯವರ ಟ್ರ್ಯಾಪನ್ನೂ ಒಣಗಿಸಬಹುದು.

ಹೊಸ ಮನೆ ಕಟ್ಟಿಸುತ್ತಿರುವವರು ಪ್ಲಂಬರ್‌ಗೆ ಮೊದಲೇ ಹೇಳಿ ತಾರಸಿಯವರೆಗೆ ವೆಂಟ್ ಪೈಪ್ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಕೆಡುವ ರಬ್ಬರಿಲ್ಲ. ವಾಲ್ವ್ ಇರುವುದು ಆ ಅವಕಾಶ ತಪ್ಪಿದ ಮನೆಗಳಿಗೆ.