ಬಿಲ್ಲಿನಲ್ಲಿ ಕಾಣದ ವಿದ್ಯುತ್ತು

ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲನ್ನು ನೋಡಿ, ಇಷ್ಟು ಯೂನಿಟ್ಟು ಖರ್ಚಾಯಿತೆಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ನಾವು ಬಳಸುವ ಶಕ್ತಿಯೆಲ್ಲ ಆ ಮೀಟರಿನ ಮೂಲಕವೇ ಬರುವುದಿಲ್ಲ. ಅಡಿಗೆಮನೆಯ ಪಾತ್ರೆ, ಕೈಯಲ್ಲಿನ ಮೊಬೈಲು, ಕಿಟಕಿಯ ಸರಳು, ಇವನ್ನು ಮಾಡುವಾಗ ಎಲ್ಲಿಯೋ ಕಲ್ಲಿದ್ದಲು ಉರಿದಿರುತ್ತದೆ. ಸರಕು ಹಡಗೇರಿ ದೇಶ ದಾಟಿದಾಗ ಆ ಶಕ್ತಿಯೂ ಅದರೊಡನೆ ದಾಟಿತೆಂದೇ ತಿಳಿಯಬೇಕು.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಅಂಧೇರಿ ಪೂರ್ವದಲ್ಲಿಯೇ ಸೀಪ್ಜ್ ಇದೆ. (ಹೆಸರಿನಲ್ಲಿ ಸಾಂತಾಕ್ರೂಜ್ ಸೇರಿದ್ದರೂ ಸ್ಥಳ ಅಂಧೇರಿಯದೇ!) 1973ರಲ್ಲಿ ಎಲೆಕ್ಟ್ರಾನಿಕ್ ವಸ್ತುಗಳ ರಫ್ತಿಗೆಂದು ಆರಂಭವಾದ ಈ ವಲಯದಿಂದ ಈಗ ಹೆಚ್ಚಾಗಿ ಹೊರಡುವುದು ರತ್ನ ಮತ್ತು ಚಿನ್ನದ ಒಡವೆಗಳು, ಅಮೆರಿಕವೇ ದೊಡ್ಡ ಗಿರಾಕಿ. ಚಿನ್ನ ಕರಗಿಸಲು, ಹೊಳಪು ಕೊಡಲು, ಕೋಣೆಗಳನ್ನು ತಂಪಾಗಿಡಲು ಬೇಕಾದ ವಿದ್ಯುತ್ತು ಮಾತ್ರ ಇಲ್ಲಿಯದು. ಈ ಉಪನಗರಗಳಿಗೆ ವಿದ್ಯುತ್ತನ್ನು ಒದಗಿಸುವ ಸ್ಥಾವರಗಳಲ್ಲೊಂದು ಇದೇ ಪಶ್ಚಿಮ ರೈಲುಹಾದಿಯ ಡಹಾಣೂವಿನಲ್ಲಿದೆ. 1995ರಲ್ಲಿ ಕೆಲಸಕ್ಕೆ ತೊಡಗಿದ ಈ 500 ಮೆಗಾವಾಟ್ ಸ್ಥಾವರ ನಡೆಯುವುದು ಕಲ್ಲಿದ್ದಲಿನಿಂದ. ಒಡವೆ ತೊಡುವವರು ಸಮುದ್ರದಾಚೆ. ಬೂದಿಯ ಚಿಂತೆ ಚಿಕ್ಕು ತೋಟಗಳ ಡಹಾಣೂವಿನವರಿಗೆ.

ಇದರ ತಿರುವುಮುರುವು ಕಥೆ ನಮ್ಮ ಮಲೆನಾಡಿನದು. ಕುದುರೆಮುಖದ ಕಬ್ಬಿಣದ ಅದಿರನ್ನು ಇರಾನಿಗೆ ಕಳುಹಿಸಲೆಂದು 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಇರಾನಿನಲ್ಲಿ ಕ್ರಾಂತಿಯಾಗಿ ಆ ಏರ್ಪಾಡು ಮುರಿದು, ಅದಿರು ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು. ಬೆಟ್ಟದಿಂದ ಪಣಂಬೂರಿಗೆ ಸುಮಾರು 67 ಕಿಲೋಮೀಟರು ಕೊಳವೆಯಲ್ಲಿ ನೀರಿನೊಡನೆ ಹರಿದು ಬಂದ ಅದಿರು ಚೀನ, ಜಪಾನುಗಳಿಗೂ ಹೋಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಿರಿನಿಂದ ಒಂದು ಟನ್ನು ಉಕ್ಕು ಮಾಡಲು ಸುಮಾರು ಮುಕ್ಕಾಲು ಟನ್ನು ಕಲ್ಲಿದ್ದಲು ಬೇಕು. ಅದು ಉರಿದದ್ದು ಅಲ್ಲಿ. ಆ ಉಕ್ಕು ಯಂತ್ರವಾಗಿ ನಮ್ಮಲ್ಲಿಗೆ ಬಂದರೆ ಉಪಯೋಗ ನಮ್ಮದು, ಹೊಗೆಯ ಲೆಕ್ಕ ಅವರದು.

ಪ್ರಪಂಚದ ಇಂಗಾಲಾಮ್ಲದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೀಗೆ ಪರದೇಶದ ಗಿರಾಕಿಗಾಗಿ ಹೊರಬಿದ್ದದ್ದು. ದೇಶದೇಶಗಳ ಲೆಕ್ಕಪುಸ್ತಕ ಮಾತ್ರ ಉರಿದ ಸ್ಥಳವನ್ನೇ ನೋಡುತ್ತದೆ. ಆದುದರಿಂದ ಬ್ರಿಟನ್ನಿನಂತಹ ಆಮದುಗಾರರು ನಿಜಕ್ಕಿಂತ ಮಿತವ್ಯಯಿಗಳಾಗಿ ಕಾಣುತ್ತಾರೆ. ಚೀನ, ಭಾರತಗಳು ಇನ್ನೊಬ್ಬರ ಪಾಲನ್ನೂ ಹೊತ್ತು ನಿಲ್ಲುತ್ತವೆ.

ಈಗ ಐರೋಪ್ಯ ಒಕ್ಕೂಟವು ಆಮದಾಗುವ ಉಕ್ಕು, ಅಲ್ಯುಮಿನಿಯಂ, ಸಿಮೆಂಟು, ರಸಗೊಬ್ಬರ ಮೊದಲಾದವುಗಳೊಡನೆ ಅವುಗಳ ಇಂಗಾಲಾಮ್ಲದ ಲೆಕ್ಕವನ್ನು 2023ರ ಅಕ್ಟೋಬರಿನಿಂದ ಕೇಳತೊಡಗಿದೆ; 2026ರ ಆಮದಿನಿಂದ ಅದಕ್ಕೆ ಹಣ ತೆರಬೇಕೆಂದೂ ವಿಧಿಸಿದೆ. ಆ ಹಣ ಹೋಗುವುದು ಕೊಳ್ಳುವವರ ಬೊಕ್ಕಸಕ್ಕೆ, ಹೊಗೆ ಕುಡಿದ ಊರಿಗಲ್ಲ. ಇದು ಅರ್ಧ ನ್ಯಾಯವೆಂದೇ ನಮಗನ್ನಿಸುತ್ತದೆ. ಸೀಪ್ಜಿನ ಒಡವೆಗಳಂತೂ ಆ ಪಟ್ಟಿಯಲ್ಲಿಯೇ ಇಲ್ಲ.